ಪೋಸ್ಟಿಗೂ ಮಡಿ ಮೈಲಿಗೆ

ಸ್ವತಂತ್ರ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್‌ನ ಲೋಕದಲ್ಲಿ ಪ್ಲಾನೆಟ್ ಅಂತ ಒಂದು ಏರ್ಪಾಡು ಇದೆ. ಲಿನಕ್ಸ್ ಕಂಪ್ಯೂಟರಿನ ಪರದೆಯನ್ನು ರೂಪಿಸುವ ಗ್ನೋಮ್‌ಗೆ ಒಂದು ಪ್ಲಾನೆಟ್, ಅದೇ ಕೆಲಸದ ಕೆಡಿಇಗೆ ಒಂದು, ಲಿನಕ್ಸ್ ಆಧಾರದ ಕಾರ್ಯಾಚರಣೆ ವ್ಯವಸ್ಥೆ ಡೆಬಿಯನ್‌ಗೆ ಒಂದು. ಕೆಲಸ ಬಹಳ ಸರಳ. ಆ ಸಮುದಾಯದಲ್ಲಿ ದುಡಿಯುವವರ ಬ್ಲಾಗ್ ವಿಳಾಸಗಳು ಒಂದು ಫೈಲಿನಲ್ಲಿರುತ್ತವೆ. ಒಂದು ಸಣ್ಣ ಪ್ರೋಗ್ರಾಂ ಆಗಾಗ ಎದ್ದು, ಎಲ್ಲರ ಬಾಗಿಲು ತಟ್ಟಿ, ಹೊಸದಾಗಿ ಬರೆದದ್ದನ್ನೆಲ್ಲ ತಂದು ಒಂದೇ ಪುಟದಲ್ಲಿ ಸುರಿಯುತ್ತದೆ. ಪಕ್ಕದಲ್ಲಿ ಬರೆದವರ ಮುಖ, ಕತ್ತಿನಿಂದ ಮೇಲಕ್ಕೆ ಕತ್ತರಿಸಿ ಅಂಟಿಸಿದ್ದು. ಆ ರುಂಡಕ್ಕೆ ಹ್ಯಾಕರ್‌ಗಾಚಿ ಅಂತ ಹೆಸರು ಬೇರೆ! ಪ್ರೋಗ್ರಾಂಗೆ ಭೇದಭಾವ ಇಲ್ಲ, ಸಿಕ್ಕಿದ್ದನ್ನೆಲ್ಲ ತರುತ್ತದೆ. ತಂದದ್ದರಲ್ಲಿ ಯಾವುದು ಮಡಿ, ಯಾವುದು ಮೈಲಿಗೆ ಅಂತ ತೀರ್ಮಾನಿಸುವ ಹೊಣೆ ಮನುಷ್ಯರದು. ಇಪ್ಪತ್ತು ವರ್ಷಗಳಿಂದ ತೀರ್ಮಾನಿಸುತ್ತಲೇ ಇದ್ದಾರೆ.

ತಮಾಷೆ ಏನು ಗೊತ್ತಾ? ಇದು ಗ್ನೋಮ್ ಮಂದಿಯ ಲೋಕ, ಕೆಲಸ ಮತ್ತು ಬದುಕಿಗೆ ತೆರೆದ ಕಿಟಕಿ ಅಂತ ಪ್ಲಾನೆಟ್ ಗ್ನೋಮ್ ತನ್ನ ಬಗ್ಗೆ ತಾನೇ ಹೇಳಿಕೊಂಡಿದೆ. ಸರಿ, ಬದುಕಂತೆ, ಅಂದುಕೊಂಡು ಯಾರೋ ಒಬ್ಬರು ಮಗು ಹುಟ್ಟಿದ ಸುದ್ದಿಯನ್ನೋ, ತಮ್ಮ ಬೆಕ್ಕಿನ ಫೋಟೋವನ್ನೋ ಹಾಕುತ್ತಾರೆ. ಮರುದಿನವೇ ತಗಾದೆ: ನಾವು ಇಲ್ಲಿ ಬರುವುದು ಗ್ನೋಮ್ ಸುದ್ದಿಗೆ, ನಿಮ್ಮ ಬೆಕ್ಕಿಗಲ್ಲ. ಅದೇ "ಆವೃತ್ತಿ 0.9.14 ಬಿಡುಗಡೆಯಾಗಿದೆ, ಎರಡು ಬಗ್ ಸರಿಹೋಗಿವೆ, ಒಂದು ಅನುವಾದ ಪರಿಷ್ಕರಣೆಯಾಗಿದೆ" ಅನ್ನುವ ಪೋಸ್ಟಿಗೆ ಯಾರ ತಕರಾರೂ ಇಲ್ಲ. ಯಾಕೆಂದರೆ ಅದನ್ನು ಯಾರೂ ಓದುವುದಿಲ್ಲ. ಬರೆದವನೂ ಹಳೆಯದನ್ನೇ ಕಾಪಿ ಮಾಡಿ ನಂಬರ್ ಬದಲಾಯಿಸಿರುತ್ತಾನೆ.

ಕೆಡಿಇಯವರು ಸ್ವಲ್ಪ ಉದಾರಿಗಳು. ಸ್ವಂತ ವಿಷಯ ಬರೆಯಿರಿ, ಪರವಾಗಿಲ್ಲ, ಆದರೆ ಜಾಸ್ತಿ ಪಾಲು ಕೆಡಿಇ ಬಗ್ಗೆ ಇರಲಿ ಅಂತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅಳೆಯುವುದು ಹೇಗೆ ಹೇಳಿ? ಅವರ ವಾರ್ಷಿಕ ಸಮ್ಮೇಳನ ಅಕಾಡೆಮಿಗೆ ಹೋದವರೊಬ್ಬರು ರೈಲು ತಪ್ಪಿದ್ದು, ಹೋಟೆಲಿನಲ್ಲಿ ನಿದ್ದೆ ಬಾರದೆ ಬಗ್ ಒಂದನ್ನು ಸರಿಮಾಡಿದ್ದು, ಬೆಳಗ್ಗೆ ಕೆಟ್ಟ ಕಾಫಿ ಕುಡಿದದ್ದು ಎಲ್ಲ ಸೇರಿಸಿ ಬರೆದರೆ, ಅದರಲ್ಲಿ ಮಡಿಯ ಭಾಗ ಎಷ್ಟು? ಬಗ್ ಮಡಿ. ಕಾಫಿ ಮೈಲಿಗೆ. ಬಗ್ ಸರಿಮಾಡುವಾಗ ಕಾಫಿ ಕುಡಿದಿದ್ದರೆ ಉಪಸಮಿತಿ ಬೇಕಾಗುತ್ತದೆ.

ಡೆಬಿಯನ್ ಕಥೆ ಇನ್ನೂ ಚೆಂದ. ಅಲ್ಲಿ ಡೆವಲಪರ್ ಅನ್ನಿಸಿಕೊಂಡ ಒಬ್ಬ ವ್ಯಕ್ತಿ ಪ್ಯಾಕೇಜ್ ಅಪ್‌ಲೋಡ್ ಮಾಡಿದರೆ ಅದು ಜಗತ್ತಿನ ಮೂಲೆಮೂಲೆಯ ಸರ್ವರ್‌ಗಳಿಗೆ ಹೋಗಿ, ಯಂತ್ರದ ಮೇಲಿನ ಸರ್ವಾಧಿಕಾರವಾದ ರೂಟ್ ಅಧಿಕಾರದಲ್ಲೇ ಇನ್‌ಸ್ಟಾಲ್ ಆಗಿ ಕೂರುತ್ತದೆ. ಅಷ್ಟು ನಂಬಿಕೆ. ಅದೇ ಮನುಷ್ಯ ಮನೆಯಲ್ಲಿ ಮಾಡಿದ ಬ್ರೆಡ್ಡಿನ ಫೋಟೋ ಹಾಕಿದರೆ ಮಾತ್ರ, ಇದು ಇಲ್ಲಿ ಬೇಕಿತ್ತಾ ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ.

ಇನ್ನು ಕೇಳುವವರೂ ಬ್ಲಾಗ್ ಬರೆಯುವವರೇ ಅಲ್ವಾ? ಅವರ ಬ್ಲಾಗೂ ಅದೇ ಪಟ್ಟಿಯಲ್ಲಿದೆ. "ದಯವಿಟ್ಟು ವಿಷಯಾಂತರ ಬೇಡ" ಅಂತ ಅವರು ಬರೆದದ್ದು ಪ್ಲಾನೆಟ್ ಮೇಲೆಯೇ ಬಂದು ಬೀಳುತ್ತದೆ. ಅದಕ್ಕೆ ಉತ್ತರವಾಗಿ ಇನ್ನೊಬ್ಬರ ಪೋಸ್ಟು, ಉತ್ತರಕ್ಕೆ ಉತ್ತರ, ನಡುವೆ ಒಬ್ಬ ಹಿರಿಯರ "ಹಿಂದೆಲ್ಲ ಹೀಗಿರಲಿಲ್ಲ". ಪುಟದ ತುಂಬ ಪುಟದಲ್ಲಿ ಏನಿರಬೇಕು ಅನ್ನುವುದರದ್ದೇ ಮಾತು. ಬೆಕ್ಕು ಕೆಳಗೆ ಜಾರಿ ಎಂದೋ ಮರೆಯಾಗಿರುತ್ತದೆ.

2009ರ ಡಿಸೆಂಬರ್‌ನಲ್ಲಿ ಇದು ಎಲ್ಲಿಗೆ ಮುಟ್ಟಿತು ನೋಡಿ. ಪ್ಲಾನೆಟ್ ಗ್ನೋಮ್‌ನಲ್ಲಿ ಏನು ಬರಬಹುದು ಅನ್ನುವ ಚರ್ಚೆಗೆ ಸ್ವತಂತ್ರ ತಂತ್ರಾಂಶದ ಚಳವಳಿಯನ್ನೂ ಅದರ ಗ್ನೂ ಯೋಜನೆಯನ್ನೂ ಶುರುಮಾಡಿದ ಸಾಕ್ಷಾತ್ ರಿಚರ್ಡ್ ಸ್ಟಾಲ್ಮನ್ ಬಂದರು. ಗ್ನೋಮ್ ಗ್ನೂ ಯೋಜನೆಯ ಕೂಸು, ಹಾಗಾಗಿ ಸ್ವಾಮ್ಯದ, ಅಂದರೆ ಕಂಪನಿಯ ಹಿಡಿತದಲ್ಲಿರುವ ತಂತ್ರಾಂಶವನ್ನು ಸರಿ ಅನ್ನುವಂತೆ ತೋರಿಸುವ ಬರಹ ಇಲ್ಲಿ ಇರಬಾರದು ಅನ್ನುವುದು ಅವರ ವಾದ. ಉದಾಹರಣೆಗೆ ಅಂಥ ತಂತ್ರಾಂಶ ಮಾಡುವ ಕಂಪನಿ ವಿಎಂವೇರ್ ಹೆಸರೂ ಬಂತು. ಸದಸ್ಯರೊಬ್ಬರು ಸಿಟ್ಟಿಗೆದ್ದು, ಹಾಗಾದರೆ ಗ್ನೂ ಸಹವಾಸವೇ ಬೇಡ, ಮತಕ್ಕೆ ಹಾಕೋಣ ಅಂದುಬಿಟ್ಟರು. ಯಾರದೋ ಆಫೀಸಿನ ಕೆಲಸದ ಪೋಸ್ಟು ಇರಬೇಕಾ ಬೇಡವಾ ಅನ್ನುವಲ್ಲಿಂದ ಮನೆ ಪಾಲು ಮಾಡಿಕೊಳ್ಳುವವರೆಗೆ! ಆಮೇಲೆ ಎಲ್ಲ ತಣ್ಣಗಾಯಿತು ಬಿಡಿ.

ಎಲ್ಲ ಜಗಳವೂ ಹೀಗೆ ನಗುವಂಥದ್ದಲ್ಲ. 2012ರಲ್ಲಿ, ಫೈರ್‌ಫಾಕ್ಸ್ ಬ್ರೌಸರ್ ಮಾಡುವವರ ಪ್ಲಾನೆಟ್ ಮೊಝಿಲ್ಲಾದಲ್ಲಿ ಬ್ರಿಟನ್ನಿನ ಸಲಿಂಗ ವಿವಾಹದ ವಿರುದ್ಧ ಒಬ್ಬರ ಪೋಸ್ಟ್ ಬಂದಾಗ ಜೊತೆಗೆ ಕೆಲಸ ಮಾಡುವವರಿಗೇ ನೋವಾಯಿತು. ಇಂಥದ್ದು ಇಲ್ಲಿ ಇರಬೇಕಾ ಅನ್ನುವುದು ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆಗೆ ಹುಡುಕಿದ ಉತ್ತರವನ್ನು ತಂದು ಬೆಕ್ಕಿನ ಮೇಲೆ, ಬ್ರೆಡ್ಡಿನ ಮೇಲೆ ಹೇರುವವರನ್ನು ಕಂಡರೆ ನನಗೆ ನಗು ತಡೆಯುವುದಿಲ್ಲ.

ನಿಜವಾಗಿ ಪುಟ ಕೆಡಿಸುವುದು ಬೇರೆಯೇ. ಯಾರೋ ಪುಣ್ಯಾತ್ಮ ಬ್ಲಾಗನ್ನು ಹೊಸ ತಂತ್ರಾಂಶಕ್ಕೆ ಬದಲಾಯಿಸುತ್ತಾನೆ. ಪ್ರತಿ ಪೋಸ್ಟಿನ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಬ್ಲಾಗಿನ ಫೀಡ್, ಅಂದರೆ ಪ್ರೋಗ್ರಾಂ ಓದುವ ಪೋಸ್ಟುಗಳ ಪಟ್ಟಿ, ನೋಡುವ ಪ್ಲಾನೆಟ್‌ಗೆ ಅದೆಲ್ಲ ಹೊಸ ಪೋಸ್ಟೇ. ಜುಲೈ ತಿಂಗಳ ನಡುಮಧ್ಯಾಹ್ನ "ಎಲ್ಲರಿಗೂ 2008ರ ಶುಭಾಶಯ" ಅಂತ ಶುರುವಾಗಿ, ಒಂದೇ ರುಂಡ ಪುಟದ ಉದ್ದಕ್ಕೂ ಸಾಲಾಗಿ ನಗುತ್ತ ನಿಲ್ಲುತ್ತದೆ. ಇದಕ್ಕೆ ಮಾತ್ರ ಯಾರೂ ಮೈಲಿಗೆ ಅನ್ನುವುದಿಲ್ಲ. "ಫೀಡ್ ನೋಡಿಕೊಳ್ಳಿ ಸಾರ್" ಅಂತ ಮೆಲ್ಲಗೆ ಹೇಳಿ ಸುಮ್ಮನಾಗುತ್ತಾರೆ. ಎಲ್ಲರಿಗೂ ಒಂದಲ್ಲ ಒಂದು ದಿನ ಆಗುವಂಥದ್ದೇ.

ಪರಿಹಾರ ಇಲ್ಲವೇ ಅಂದರೆ ಬಹಳ ಹಿಂದಿನಿಂದಲೂ ಇದೆ. ಪೋಸ್ಟಿಗೆ ಒಂದು ಟ್ಯಾಗ್ ಹಾಕಿ, ಆ ಟ್ಯಾಗಿನ ಫೀಡ್ ಮಾತ್ರ ಪ್ಲಾನೆಟ್‌ಗೆ ಕೊಟ್ಟರೆ ಬೆಕ್ಕು ಮನೆಯಲ್ಲೇ ಇರುತ್ತದೆ, ಬಗ್ ಮಾತ್ರ ಊರಿಗೆ ಬರುತ್ತದೆ. ಒಂದು ಸಾಲಿನ ಬದಲಾವಣೆ. ಓದುವವರಿಗೆ ಇನ್ನೂ ಸುಲಭ, ಮೌಸಿನ ಚಕ್ರ ತಿರುಗಿಸಿದರೆ ಮುಗಿಯಿತು. ಆದರೆ ಅಷ್ಟಕ್ಕೇ ಮುಗಿಸಿದರೆ ಮಾತಾಡುವುದಕ್ಕೆ ಏನು ಉಳಿಯುತ್ತದೆ?

ಈಗ ಎಐ ಬರೆದ ಪೋಸ್ಟುಗಳು ಬಂದಿವೆ, ಇವನ್ನು ಏನು ಮಾಡುವುದು ಅಂತ ತಲೆ ಕೆಡಿಸಿಕೊಳ್ಳುವವರಿದ್ದಾರೆ. ನಿಮ್ಮದೇ ನಿಯಮ ತೆಗೆದು ಓದಿ ಸ್ವಾಮಿ. ವಿಷಯಾಂತರ ಇಲ್ಲ. ರಾಜಕೀಯ ಇಲ್ಲ. ಯಾರ ಮಗುವೂ ಹುಟ್ಟಿಲ್ಲ, ಯಾರ ರೈಲೂ ತಪ್ಪಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಶುದ್ಧ ತಂತ್ರಾಂಶ. ಒಂದೇ ತೊಂದರೆ, ಪಕ್ಕದಲ್ಲಿ ಅಂಟಿಸುವುದಕ್ಕೆ ರುಂಡ ಸಿಗುವುದಿಲ್ಲ. ಅದಕ್ಕೂ ಒಂದು ಉಪಸಮಿತಿ ಮಾಡಿಬಿಡಿ.