ಪರದೆ ಎಳೀರಿ ಅಂದಿದ್ದಕ್ಕೆ

ಪರದೆ ಎಳೀರಿ ಅಂದಿದ್ದು ತಪ್ಪಾ? ಯಾರಾದ್ರೂ ಹೇಳ್ರಪ್ಪ. ಎರಡ್ ದಿನ ಆಯ್ತು, ಕಣ್ ಮುಚ್ಚಿದ್ರೆ ಅದೇ ಬರ್ತದೆ.

ಆಸ್ಪತ್ರೇಲಿ ಆ ಬ್ರದರ್, ಅಂದ್ರೆ ಗಂಡ್ ನರ್ಸು, ಬಂದು ಯೂರಿನ್ ಪೈಪ್ ಹಾಕ್ಬೇಕು ಅಂದ, ಅವ್ವನ್ನ ಒಂದ್ ಮಾತ್ ಕೇಳ್ಲಿಲ್ಲ, ಸೀರೆ ಸೊಂಟದ್ ತನಕ ಎತ್ತೇಬಿಟ್ಟ. ಸಾಯಂಕಾಲ ಐದ್ ಗಂಟೆ, ನೋಡೋಕ್ ಬರೋರ ಟೈಮು, ವಾರ್ಡ್ ತುಂಬ ಜನ. ಪಕ್ಕದ್ ಬೆಡ್ಡೋರು ಕ್ಯಾರಿಯರ್ ಬಿಚ್ಕೊಂಡು ಮುದ್ದೆ ಮುರೀತಾ ಕೂತಿದ್ರು, ಒಬ್ಬ ಹುಡುಗ ಬಾಯ್ ಬಿಟ್ಕೊಂಡು ನೋಡ್ತಿದ್ದ. ನಮ್ಮವ್ವಂಗೆ 72 ವರ್ಷ, ನಾಲೇಲಿ ಬಟ್ಟೆ ಒಗೆಯೋವಾಗ್ಲೂ ಮೊಣಕಾಲ್ ಕಾಣಂಗೆ ಸೀರೆ ಎತ್ತಿ ಕಟ್ಟಿದೋಳಲ್ಲ. ಸೊಂಟದ್ ಮೂಳೆ ಮುರಿದೈತೆ, ಹೊರಳೋಕೂ ಆಗಲ್ಲ. ಮೈ ಮುಚ್ಕೊಳ್ಳೋಕಾಗ್ಲಿಲ್ಲ, ಸೆರಗೆಳ್ಕೊಂಡು ಮುಖ ಮುಚ್ಕೊಂಡ್ಳು.

ಪರದೆ ಎಳೀರಿ ಸಾರ್ ಅಂದೆ. ಗಾಲಿ ಪರದೆ ಅಲ್ಲೇ ಮೂಲೇಲಿತ್ತು, ಹಸಿರ್ ಬಟ್ಟೇದು, ಅದರ್ ಮೇಲೆ ಸ್ಟಾಫಿನೋರ ಬ್ಯಾಗು, ಒಂದು ಛತ್ರಿ ನೇತಾಕಿದ್ರು. ಆಯಾ ತಿರುಗಿ, "ಈ ವಯಸ್ನಲ್ಲಿ ಮುದ್ಕೀನ ಯಾರ್ ನೋಡ್ತಾರೆ ಬುಡಪ್ಪ, ಅಷ್ಟ್ ನಾಚ್ಕೆ ಇದ್ರೆ ಸ್ಪೆಷಲ್ ವಾರ್ಡ್ ತಗೊ" ಅಂದ್ಳು. ನಾಲ್ಕ್ ಜನ ನಕ್ರು. ನಕ್ರು ಕಣ್ರೀ! ಸೆರಗೊಳಗಿಂದ ಅವ್ವ "ಅಯ್ಯೋ ಸಿವ್ನೇ" ಅಂತಿದ್ಳು, ನಾನು ಹೆತ್ತ ಮಗ, ನೋಡೋಕಾಗ್ದೆ ಗೋಡೆ ಕಡೆ ತಿರುಗ್ದೆ.

ಗೋಡೇಲಿ ರೋಗಿಗಳ ಹಕ್ಕುಗಳು ಅಂತ ಬೋರ್ಡು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಾಡಿರೋ ಪಟ್ಟಿ, 17 ಹಕ್ಕು. 5ನೇದು ಗೌಪ್ಯತೆ, ಮಾನವ ಘನತೆ, ಖಾಸಗಿತನ. ಹೆಣ್ಮಕ್ಕಳನ್ನ ಗಂಡ್ ಡಾಕ್ಟ್ರು ಪರೀಕ್ಷೆ ಮಾಡೋವಾಗ ಇನ್ನೊಬ್ಬ ಹೆಂಗಸು ಜೊತೇಲಿರ್ಬೇಕು ಅಂತಾನೂ ಅದ್ರಲ್ಲೈತೆ. ಜೊತೇಲಿದ್ದ ಹೆಂಗಸೇ ಆ ಮಾತಂದಿದ್ದು.

ರಾತ್ರಿ ಬೆಡ್ ಪಕ್ಕ ಚಾಪೆ ಹಾಕ್ಕೊಂಡು ಮೊಬೈಲಲ್ಲಿ ಓದ್ತಾ ಇದ್ದೆ, ನಿದ್ದೆ ಎಲ್ಲಿಂದ ಬರ್ಬೇಕು. 2017ರಲ್ಲಿ ಸುಪ್ರೀಂ ಕೋರ್ಟಿನ 9 ಜನ ಜಡ್ಜುಗಳು ಖಾಸಗಿತನ ಮೂಲಭೂತ ಹಕ್ಕು, ಸಂವಿಧಾನದ 21ನೇ ವಿಧಿಯೊಳಗೇ ಬರ್ತದೆ ಅಂತ ಹೇಳವ್ರೆ. ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಲ್ಲೇ ಜಡ್ಜಾಗಿದ್ದ ಪುಟ್ಟಸ್ವಾಮಿಯವ್ರು, ಅದೂ 80 ದಾಟಿದ್ಮೇಲೆ. ವಯಸ್ಸಾದ್ಮೇಲೆ ಮಾನ ಯಾಕೆ ಅನ್ನೋರು ಇದನ್ನ ಓದ್ಬೇಕು.

ಹೋಗ್ಲಿ ಬುಡಿ, ಯಾರನ್ನ ಬೈಯೋದು, ಇಡೀ ವಾರ್ಡಿಗೆ ಸಿಸ್ಟರ್ ಇಬ್ರೇ, ರಾತ್ರಿಯೆಲ್ಲ ಕೂರ್ದಂಗೆ ಓಡಾಡ್ತಿರ್ತಾರೆ, ಅವ್ರ ಸಂಬ್ಳ ಎಷ್ಟೋ ಏನೋ. ಇಲ್ಲ, ಆದ್ರೂ ಹೋಗ್ಲಿ ಅನ್ನೋಕಾಗಲ್ಲ. ಬ್ಯಾಗ್ ತೆಗ್ದು ಪರದೆ ತಳ್ಳೋಕೆ ಸಂಬ್ಳ ಜಾಸ್ತಿ ಆಗ್ಬೇಕಾ, ಎರಡ್ ನಿಮಿಷದ್ ಕೆಲ್ಸ ಅದು! ಕಂಪ್ಲೇಂಟ್ ಬರ್ದೆ, ಎರಡ್ ಪೇಜು. ಅವ್ವ ನನ್ನ ಕೈ ಹಿಡ್ಕೊಂಡು, "ಸುಮ್ಕಿರ್ಲಾ ಮಗ, ಅವ್ರು ಮುನಿಸ್ಕೊಂಡ್ರೆ ನಾಳೀಕ್ ನಂಗೆ ಸೂಜಿ ಹಾಕೋರ್ ಯಾರು" ಅಂದ್ಳು. ಮಡ್ಚಿ ಜೇಬಲ್ಲಿ ಇಟ್ಕೊಂಡಿದೀನಿ, ಕೊಡ್ಲೂ ಇಲ್ಲ, ಹರೀಲೂ ಇಲ್ಲ.

ಆಸ್ಪತ್ರೇಲಿ ಕೆಲ್ಸ ಮಾಡೋರು ಇಲ್ಲಿ ಯಾರಾದ್ರೂ ಇದೀರಾ? ನೀವಾದ್ರೂ ಹೇಳಿ, ನಿಮ್ಮವ್ವ ಆ ಬೆಡ್ ಮೇಲಿದ್ರೆ ಏನ್ ಮಾಡ್ತಿದ್ರಿ?

ನಾಳೆ ಹತ್ ಗಂಟೆಗೆ ಮತ್ತೆ ಪೈಪ್ ನೋಡ್ತಾರಂತೆ. ಮನೆಯಿಂದ ದುಪ್ಟಿ ತಗೊಂಡೋಗ್ತಿದೀನಿ. ನಾನೊಂದ್ ತುದಿ, ನನ್ ತಂಗಿ ಒಂದ್ ತುದಿ, ಅವ್ವಂಗೆ ಬೆನ್ ಹಾಕಿ ಹಿಡ್ಕೊಂಡು ನಿಲ್ತೀವಿ.