ನಡಾವಳಿ ಪುಸ್ತಕದ ಒಂದು ಸಂಜೆ

ಸಂಘ ಅಂದಮೇಲೆ ಒಂದು ನಡಾವಳಿ ಪುಸ್ತಕ ಇರಲೇಬೇಕು. ಅದರಲ್ಲಿ ಎಲ್ಲರೂ ಒಳ್ಳೆಯವರೇ. ಇಂಥವರು ಸ್ವಾಗತಿಸಿದರು, ಇಂಥವರು ಮಾತಾಡಿದರು, ವಂದನೆಯೊಂದಿಗೆ ಸಭೆ ಮುಗಿಯಿತು. ಯಾರು ತೂಕಡಿಸಿದರು ಅಂತ ಯಾವ ಕಾರ್ಯದರ್ಶಿಯೂ ಬರೆಯುವುದಿಲ್ಲ.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1823ರಲ್ಲಿ ಶುರುವಾದ ಪ್ಲಿನಿಯನ್ ಸೊಸೈಟಿಯ ಪುಸ್ತಕ ಸ್ವಲ್ಪ ಬೇರೆ ಥರ. ಪ್ಲಿನಿ ರೋಮಿನವನು, ಜ್ವಾಲಾಮುಖಿ ಸಿಡಿದಾಗ ಓಡಿಹೋಗುವ ಬದಲು ಅದರ ಹತ್ತಿರಕ್ಕೇ ಹೋಗಿ ಸತ್ತವನು. ಪ್ರಾಣಿ, ಗಿಡ, ಕಲ್ಲು ಅಂತ ಅಲೆಯುವ ಹುಡುಗರ ಸಂಘಕ್ಕೆ ಒಪ್ಪುವ ಹೆಸರೇ! ಸಭೆ ನಡೆಯುತ್ತಿದ್ದದ್ದು ಒಂದು ನೆಲಮಾಳಿಗೆಯ ಕೋಣೆಯಲ್ಲಿ.

1826ರ ನವೆಂಬರ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಸದಸ್ಯನಾದ. ಅಪ್ಪ ಕಳಿಸಿದ್ದು ಡಾಕ್ಟರಾಗಲಿ ಅಂತ. ಇವನೋ, ಆಪರೇಷನ್ ನೋಡಲಾರದೆ ಎದ್ದು ಓಡಿದ್ದ. ಸಿಂಪಿ ಹಿಡಿಯುವ ಬೆಸ್ತರ ಜೊತೆ ದೋಣಿ ಹತ್ತುವುದಕ್ಕೆ ಮಾತ್ರ ಸದಾ ತಯಾರು. ಹಳೆಯ ಚಿಪ್ಪುಗಳಿಗೆ ಅಂಟಿದ ಪುಟ್ಟ ಕಪ್ಪು ಗುಂಡುಗಳನ್ನು ಬೆಸ್ತರು ‘ದೊಡ್ಡ ಮೆಣಸುಕಾಳು’ ಅನ್ನುತ್ತಿದ್ದರು. ಓದಿದವರು ಅವನ್ನು ಎಳೆಯ ಕಡಲಪಾಚಿ ಅಂದುಕೊಂಡಿದ್ದರು. ನಿಜವಾಗಿ ಅವು ಒಂದು ಜಾತಿಯ ಕಡಲ ಜಿಗಣೆಯ ಮೊಟ್ಟೆಚೀಲಗಳು. ನನಗೇನೋ ಮೆಣಸುಕಾಳೇ ಹೆಚ್ಚು ಮರ್ಯಾದೆಯ ಊಹೆ ಅನಿಸುತ್ತದೆ. ಕಣ್ಣಿಗೆ ಕಂಡಷ್ಟನ್ನೇ ಹೇಳಿದರು, ಅಲ್ವಾ?

1827ರ ಮಾರ್ಚ್ 27ರಂದು ಡಾರ್ವಿನ್ ಇದನ್ನು ಸಂಘದ ಮುಂದಿಟ್ಟ. ಆಗ ಅವನಿಗೆ 18 ವರ್ಷ. ಆದರೆ ಮೂರು ದಿನ ಮೊದಲೇ, ಅವನನ್ನು ಕಡಲತೀರಕ್ಕೆ ಕರೆದೊಯ್ಯುತ್ತಿದ್ದ ರಾಬರ್ಟ್ ಗ್ರಾಂಟ್ ಹಿರಿಯರ ಸಂಘವೊಂದರಲ್ಲಿ ಅದನ್ನು ಹೇಳಿಬಿಟ್ಟಿದ್ದರು. ಗುರುಗಳಿಗೆ ಅವಸರ ಸ್ವಲ್ಪ ಜಾಸ್ತಿ.

ಅದೇ ಸಂಜೆ ವಿಲಿಯಂ ಬ್ರೌನ್ ಎಂಬ ಇನ್ನೊಬ್ಬ ಹುಡುಗ ಎದ್ದುನಿಂತ. ಮನಸ್ಸು ಅನ್ನುವುದು ದೇಹದ ಕೆಲಸವಷ್ಟೇ, ಬೇರೇನೂ ಅಲ್ಲ ಅಂದ. ಜಿಗಣೆಯ ಮೊಟ್ಟೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಇದು ಕೊಟ್ಟಿತು. ನಡಾವಳಿಯಲ್ಲಿ ಬರೆದಿದ್ದ ಆ ಸಾಲುಗಳ ಮೇಲೆ ಯಾರೋ ಗೆರೆ ಎಳೆದರು. ಸುಮ್ನೆ ಬಿಟ್ಟಿದ್ದರೆ ಎಷ್ಟು ಜನ ಓದುತ್ತಿದ್ದರೋ! ಈಗ ಈ ಸಂಘದ ಸುದ್ದಿ ಬಂದಾಗೆಲ್ಲ ಆ ಗೆರೆಯ ಮಾತೂ ಬರುತ್ತದೆ.

ಇನ್ನೊಂದು ಸಭೆ. ಒಬ್ಬ ಹುಡುಗ ಮಾತಾಡಲು ಎದ್ದ. ತೊದಲಿದ, ಮುಖ ಕೆಂಪಾಯಿತು. ಬಹಳ ಹೊತ್ತಿನ ಮೇಲೆ, ಹೇಳಬೇಕಾದದ್ದು ಮರೆತುಹೋಯಿತು ಎಂದು ಅಧ್ಯಕ್ಷರಿಗೆ ಒಪ್ಪಿಸಿದ. ಅವನ ಮಾನ ಉಳಿಸಲು ಒಬ್ಬರಿಗೂ ಒಂದು ಮಾತು ಹೊಳೆಯಲಿಲ್ಲ. ಸುಮಾರು 50 ವರ್ಷದ ಮೇಲೆ ಡಾರ್ವಿನ್ ತನ್ನ ನೆನಪುಗಳನ್ನು ಬರೆಯಲು ಕೂತಾಗ ಈ ಹುಡುಗ ಬಂದು ನಿಂತ, ಹೆಸರಿಲ್ಲದೆ. ಹೇಳಬೇಕೆಂದಿದ್ದ ಮಾತು ಅವನಿಗೆ ಆ ರಾತ್ರಿ ರೂಮಿನ ಮೆಟ್ಟಿಲು ಹತ್ತುವಾಗ ಪೂರ್ತಿ ನೆನಪಾಗಿರುತ್ತದೆ.