ಯಾರಿಗೂ ಹೇಳಬ್ಯಾಡ್ರಿ ಟೀಚರ್

ಈಸ್ಟರ್ ರಜೆಗೆ ಧಾರವಾಡಕ್ಕೆ ಹೋಗಿದ್ದಾಗ ಅಣ್ಣನ ಮಗಳು ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಬಿ.ಇಡಿ ಮುಗಿದಿದೆ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿದೆ. ಏಪ್ರಿಲ್ ಬಂತೆಂದರೆ ಖಾಸಗಿ ಶಾಲೆಗಳು ಹೊಸ ಟೀಚರ್‌ಗಳನ್ನು ಹುಡುಕುವ ಕಾಲ. ಸಪ್ತಾಪುರದ ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಇಂಟರ್ವ್ಯೂ ಪ್ರಶ್ನೆಗಳನ್ನೆಲ್ಲ ಉತ್ತರದ ಸಮೇತ ಮೂರು ಬಣ್ಣದ ಪೆನ್ನಿನಲ್ಲಿ ಇಳಿಸಿಕೊಂಡಿದ್ದಳು. 'ನಿಮ್ಮ ದೌರ್ಬಲ್ಯ ಏನು?' ಎಂಬ ಪ್ರಶ್ನೆಗೆ ಉತ್ತರ: 'ಕೆಲಸದಲ್ಲಿ ಮುಳುಗಿದರೆ ನಾನು ಊಟವನ್ನೇ ಮರೆಯುತ್ತೇನೆ.' ಹಿಂದಿನ ರಾತ್ರಿ ಅವಳು ಎಣಗಾಯಿ ಪಲ್ಯದ ಜೊತೆ ಮೂರು ರೊಟ್ಟಿ ಮುಗಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ನಗು ತಡೆಯಲಿಲ್ಲ.

"ನಗಬ್ಯಾಡ್ರಿ ಕಾಕಾ. ನಾಳೆ ಹುಬ್ಬಳ್ಳ್ಯಾಗ ಇಂಟರ್ವ್ಯೂ ಐತಿ."

ಸರ್ಕಾರಿ ಕೆಲಸವಾದರೆ ಈ ತಾಪತ್ರಯ ಇರುತ್ತಿರಲಿಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ಆರಿಸಲು ಪರೀಕ್ಷೆ ನಡೆಸಿದಾಗ ಸಂದರ್ಶನವೇ ಇರಲಿಲ್ಲ. ವಶೀಲಿ ನಡೆಯಬಾರದು ಅಂತ ಹಾಗೆ ಮಾಡಿದ್ದು ಒಳ್ಳೆಯದೇ. ಆದರೆ ಊರೆಲ್ಲ ಕೋಚಿಂಗ್ ಸೆಂಟರ್ ಇರುವ ಧಾರವಾಡದಲ್ಲಿ ಇಂಟರ್ವ್ಯೂವನ್ನೂ ಪರೀಕ್ಷೆಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗುವ ರೂಢಿ ಬಿದ್ದಿದೆ.

ಮರುದಿನ ಸಂಜೆ ಚಿಗರಿ ಬಸ್ಸಿಳಿದು ಬಂದವಳ ಮುಖ ಸಪ್ಪಗಿತ್ತು. ಬಾಯಿಪಾಠ ಮಾಡಿದ್ದು ಒಂದೂ ಬಂದಿರಲಿಲ್ಲ. ಮದುವೆ ಯಾವಾಗ? ಎಷ್ಟು ಸಂಬಳಕ್ಕೆ ಬರುತ್ತೀರಿ? ಸರ್ಕಾರಿ ನೌಕರಿ ಸಿಕ್ಕರೆ ನಡುವೆಯೇ ಬಿಟ್ಟು ಹೋಗುತ್ತೀರೇನು? ಒರಿಜಿನಲ್ ಮಾರ್ಕ್ಸ್‌ ಕಾರ್ಡ್ ನಮ್ಮ ಹತ್ರ ಇಡುತ್ತೀರಾ? ಇಷ್ಟೇ. ಡೆಮೊ ಕ್ಲಾಸಿಗೆ ಒಂದು ಮಗುವೂ ಇರಲಿಲ್ಲವಂತೆ. ಅಲ್ಲಿನ ನಾಲ್ವರು ಟೀಚರ್‌ಗಳೇ ಬೆಂಚಿನ ಮೇಲೆ ಮಕ್ಕಳ ಹಾಗೆ ಕೂತು, ನಡುನಡುವೆ "ಮಿಸ್, ತಿಳೀಲಿಲ್ರಿ" ಅನ್ನುತ್ತಿದ್ದರಂತೆ.

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಗಣಿತ ಕಲಿಸುತ್ತೇನೆ. ಅಲ್ಲಿ ಡೆಮೊ ಪಾಠಕ್ಕೆ ನಿಜವಾದ ಮಕ್ಕಳೇ ಇರುತ್ತಾರೆ. ಅವರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಅರ್ಧ ಗಂಟೆ ಪಾಠ. ಎಷ್ಟೋ ಕಡೆ ಆಮೇಲೆ ಮಕ್ಕಳೇ ನಾಲ್ಕೈದು ಜನ ಕೂತು ಪ್ರಶ್ನೆ ಕೇಳುತ್ತಾರೆ. ದೊಡ್ಡವರ ಮುಂದೆ ಹೋದಾಗ ಬರುವ ಮೊದಲ ಪ್ರಶ್ನೆ: "ಪಾಠ ಹೇಗಾಯ್ತು ಅನಿಸ್ತು?" ಮೊದಲ ಸಲ ನಾನು ಊರಿನ ಅಭ್ಯಾಸದಂತೆ "ಬಹಳ ಚೆನ್ನಾಗಾಯ್ತು" ಅಂದೆ. ಕೆಲಸ ಸಿಗಲಿಲ್ಲ. ಅಲ್ಲಿ ಸಾಮಾನ್ಯವಾಗಿ ಅವತ್ತೇ ಸಂಜೆ ಫೋನ್ ಬರುತ್ತದೆ, ಯಾಕೆ ಬೇಡ ಅಂತಲೂ ಹೇಳುತ್ತಾರೆ. ಹಿಂದಿನ ಸಾಲಿನ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಒಂದಕ್ಷರ ಬರೆದಿರಲಿಲ್ಲ. ಅವನು ಅವರ ಕಣ್ಣಿಗೆ ಬಿದ್ದಿದ್ದ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೊಂದು ಪ್ರಶ್ನೆ ಪ್ರತಿ ಇಂಟರ್ವ್ಯೂನಲ್ಲೂ ಯಾವುದಾದರೂ ವೇಷದಲ್ಲಿ ಬಂದೇ ಬರುತ್ತದೆ. ಪಾಠ ಮುಗಿದ ಮೇಲೆ ಒಂದು ಮಗು ಹತ್ತಿರ ಬಂದು, "ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅನ್ನುತ್ತದೆ. ಏನು ಮಾಡುತ್ತೀರಿ? ಮಾತು ಕೊಡಬಾರದು. ಕೇಳಿಸಿಕೊಳ್ಳಬೇಕು, ಕೆದಕಿ ಕೆದಕಿ ಕೇಳಬಾರದು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು, ಮಕ್ಕಳ ಸುರಕ್ಷತೆಗೆಂದೇ ಶಾಲೆ ನೇಮಿಸಿದ ಹಿರಿಯರಿಗೆ ತಡಮಾಡದೆ ತಿಳಿಸಬೇಕು. ಈ ಪ್ರಶ್ನೆಗೆ ತಡವರಿಸಿದವರಿಗೆ ಗಣಿತ ಎಷ್ಟೇ ಬರಲಿ, ಕೆಲಸ ಸಿಗುವುದು ಕಷ್ಟ. ಇಂಟರ್ವ್ಯೂ ಮಾಡುವವರಲ್ಲಿ ಒಬ್ಬರಾದರೂ ಈ ವಿಷಯದಲ್ಲಿ ತರಬೇತಿ ಪಡೆದಿರಲೇಬೇಕು ಎಂದು ನಿಯಮವಿದೆ.

ಇದು ಬಿಳಿಯರ ದೇಶದ ಸಂಗತಿ ಅಂತ ಅಣ್ಣ ತಳ್ಳಿಹಾಕಿದ. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ನಮ್ಮಲ್ಲೂ 2012ರಿಂದ ಪೋಕ್ಸೊ ಕಾಯಿದೆ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಅದರ 19ನೇ ಕಲಮು. ಮುಚ್ಚಿಟ್ಟರೆ ಜೈಲಿಗೂ ಹೋಗಬೇಕಾದೀತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಹೊಡೆತ, ಬೈಗುಳದ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ನಿಷೇಧಿಸಿದೆ. ಕಾನೂನು ಹುಬ್ಬಳ್ಳಿಯಲ್ಲೂ ಇದೆ, ಹಾವೇರಿಯಲ್ಲೂ ಇದೆ. ಇಂಟರ್ವ್ಯೂನಲ್ಲಿ ಅದನ್ನು ಕೇಳುವವರೇ ಇಲ್ಲ. ಪಕ್ಕದ ಕ್ಲಾಸಿನಲ್ಲಿ ಹಿರಿಯ ಮಾಸ್ತರರೊಬ್ಬರು ಮಗುವಿಗೆ ಹೊಡೆಯುತ್ತಿದ್ದರೆ ಹೊಸಬಳಾದ ನೀನು ಏನು ಮಾಡುತ್ತೀ? ಮದುವೆ ಯಾವಾಗ ಅನ್ನುವುದಕ್ಕಿಂತ ಇದು ಕೆಲಸಕ್ಕೆ ಬರುವ ಪ್ರಶ್ನೆ, ಅಲ್ವಾ?

ಹಾಗಂತ ಅಲ್ಲಿಯದೆಲ್ಲ ಬಂಗಾರವೇನಲ್ಲ. ಇಂಟರ್ವ್ಯೂ ಉತ್ತರಕ್ಕೆ ಸಂದರ್ಭ, ಹೊಣೆ, ಮಾಡಿದ್ದು, ಫಲ ಅಂತ ನಾಲ್ಕು ಮೆಟ್ಟಿಲಿನ ಅಚ್ಚು ಮಾಡಿಕೊಂಡು ಎಲ್ಲರೂ ಅದರಲ್ಲೇ ಕಥೆ ಹೊಯ್ಯುತ್ತಾರೆ. ಕೇಳಿ ಕೇಳಿ ಬೇಜಾರಾಗುತ್ತದೆ. ಸಪ್ತಾಪುರದ ಝೆರಾಕ್ಸಿಗಿಂತ ಅದೇನು ಮೇಲು? ಇನ್ನೊಂದು ಮಾತು. ಇಷ್ಟು ವರ್ಷದಲ್ಲಿ ಅಲ್ಲಿ ಯಾರೂ ನನಗೆ ಒಂದೇ ಒಂದು ಗಣಿತದ ಪ್ರಶ್ನೆ ಕೇಳಿಲ್ಲ.

ಊರಲ್ಲಿ ಕೇಳಿದ್ದರು. ಕಲಘಟಗಿ ಕಡೆಯ ಒಂದು ಹೈಸ್ಕೂಲು, ನನ್ನ ಮೊಟ್ಟಮೊದಲ ಇಂಟರ್ವ್ಯೂ. ಹಣೆಗೆ ವಿಭೂತಿ ಹಚ್ಚಿದ್ದ ಹೆಡ್‌ಮಾಸ್ತರರು ಚಾಕ್‌ಪೀಸ್ ಕೈಗಿಟ್ಟು, "ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗ್ತದ? ನಿಯಮ ಅದ ಅಂತ ಹೇಳಬ್ಯಾಡ್ರಿ. ದನಾ ಕಾದು ಸಾಲಿಗೆ ಬರೋ ಹುಡುಗ್ಗ ತಿಳಿಯೋ ಹಂಗ ಹೇಳ್ರಿ" ಅಂದರು. ಎಂ.ಎಸ್ಸಿ ಮಾಡಿದ್ದ ನಾನು ಬೆವೆತೆ. ಕೊನೆಗೆ ಅವರೇ ಹೇಳಿದರು: "ದಿನಾ ನಿನ್ನ ಕಿಸೇದಾಗಿಂದ ಐದು ರೂಪಾಯಿ ಖರ್ಚಾಗ್ತದ. ಹಂಗಾರ ಮೂರು ದಿನದ ಹಿಂದ ನಿನ್ನ ಹತ್ರ ಇವತ್ತಿಗಿಂತ ಎಷ್ಟು ಜಾಸ್ತಿ ಇತ್ತು?" ಹದಿನೈದು. ಐದು ಹೋಗುವುದು ಒಂದು ಮೈನಸ್, ಹಿಂದಕ್ಕೆ ಎಣಿಸುವುದು ಇನ್ನೊಂದು. ಲೆಸ್ಟರ್‌ನಲ್ಲಿ ಈಗಲೂ ಅದನ್ನೇ ಪೌಂಡಿನಲ್ಲಿ ಹೇಳಿಕೊಡುತ್ತೇನೆ. ಆ ಬಗೆಯ ಪ್ರಶ್ನೆ ಧಾರವಾಡ ಕಡೆಯ ಆಸ್ತಿ. ಅದು ಹೋಗಿ ಸಂಬಳದ ಚೌಕಾಸಿ ಉಳಿದುಕೊಂಡರೆ ನಷ್ಟ ನಮ್ಮದೇ.

ಆ ರಾತ್ರಿ ನೋಟ್‌ಬುಕ್ಕಿನ ಹಿಂಬದಿಯಿಂದ ಹೊಸದಾಗಿ ಶುರು ಮಾಡಿದೆವು. ಪ್ರಶ್ನೆ ಬೇಡ, ಉತ್ತರವೂ ಬೇಡ. ಬಿ.ಇಡಿ ಇಂಟರ್ನ್‌ಶಿಪ್‌ನಲ್ಲಿ ನಿಜವಾಗಿ ನಡೆದದ್ದನ್ನು ಬರೆ ಅಂದೆ. ಮೊದಲು ಒಂದೂ ನೆನಪಾಗಲಿಲ್ಲ. ಆಮೇಲೆ ಒಂದೊಂದೇ ಬಂದವು. ಭಿನ್ನರಾಶಿ ಪಾಠ ಕೆಟ್ಟು ಮರುದಿನ ರೊಟ್ಟಿ ಮುರಿದು ತೋರಿಸಿದ್ದು. ಶೇಂಗಾ ಕೀಳುವ ದಿನಗಳಲ್ಲಿ ಅರ್ಧ ಕ್ಲಾಸು ಖಾಲಿಯಾಗಿದ್ದು. ತಿಂಗಳುಗಟ್ಟಲೆ ಮಾತಾಡದ ಹುಡುಗಿಯೊಬ್ಬಳು ಕಡೆಯ ದಿನ ಪೆನ್ ಕೊಟ್ಟಿದ್ದು. 'ದೌರ್ಬಲ್ಯ ಏನು' ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು: ಮುಂದಿನ ಬೆಂಚಿನವರು ಹೂಂಗುಟ್ಟಿದರೆ ಎಲ್ಲರಿಗೂ ತಿಳಿಯಿತು ಅಂದುಕೊಂಡು ಅವಳು ಮುಂದೆ ಓಡುತ್ತಾಳೆ. ನಾನೂ ಅದೇ ತಪ್ಪು ಮಾಡಿದ್ದಕ್ಕೇ ಇಂಗ್ಲೆಂಡಿನ ಆ ಕೆಲಸ ಕೈತಪ್ಪಿದ್ದು.

ಮದುವೆಯ ಪ್ರಶ್ನೆಗೆ ಮಾತ್ರ ನನ್ನ ಸಲಹೆ ನಡೆಯಲಿಲ್ಲ. ಅದು ನಿಮಗೆ ಸಂಬಂಧಿಸಿದ್ದಲ್ಲ ಅಂತ ವಿನಯವಾಗಿ ಹೇಳು ಅಂದೆ. "ಅಲ್ಲಿ ಹಂಗ ಕೇಳಿದ್ರ ದೂರು ಕೊಡಾಕ ಟ್ರಿಬ್ಯೂನಲ್ ಐತ್ರಿ ಕಾಕಾ. ಇಲ್ಲಿ ಹಂಗಂದ್ರ ಮುಂದಿನಾಕೀನ್ನ ಒಳಗ ಕರೀತಾರ" ಅಂದಳು. ಸುಮ್ಮನಾದೆ. ಉತ್ತರ ಅವಳೇ ಮಾಡಿಕೊಂಡಳು: "ಯಾವಾಗರ ಆಗ್ಲಿ ಸರ್, ಪೋರ್ಷನ್ ಮುಗಸೇ ಹೋಗ್ತೀನಿ."

ಮೇ ತಿಂಗಳಲ್ಲಿ ಇನ್ನೊಂದು ಶಾಲೆಗೆ ಹೋಗಿಬಂದು ಫೋನ್ ಮಾಡಿದಳು. ನೀವೇನಾದರೂ ಕೇಳುವುದಿದೆಯಾ ಅಂತ ಕೊನೆಗೆ ಕೇಳಿದರಂತೆ. ಮಗು ಹೀಗೆ ಬಂದು ಗುಟ್ಟು ಹೇಳಿದರೆ ನಿಮ್ಮ ಶಾಲೆಯಲ್ಲಿ ನಾನು ಯಾರಿಗೆ ಹೇಳಬೇಕು ಅಂತ ಇವಳು ಕೇಳಿದ್ದಾಳೆ. ಮೂವರೂ ಮುಖ ಮುಖ ನೋಡಿಕೊಂಡರಂತೆ. ಹೆಡ್‌ಮಿಸ್ಟ್ರೆಸ್ ಪೆನ್ ತೆಗೆದು ಏನೋ ಬರೆದುಕೊಂಡರಂತೆ.

"ನನ್ನ ಹೆಸರಿನ ಮುಂದ ಬರದ್ರೋ, ಬ್ಯಾರೆ ಹಾಳ್ಯಾಗ ಬರದ್ರೋ ಕಾಣಲಿಲ್ರಿ ಕಾಕಾ" ಅಂದಳು.